ಸಾವಳಗಿಯಿಂದ ರಾಷ್ಟ್ರಪತಿ ಭವನದವರೆಗೆ: ಜತ್ತಿ ಏರಿದ ಎತ್ತರಕ್ಕೆ ಊರು ಏರಿತೇ?

ಮುಧೋಳ: 2002ರ ಜೂನ್ ತಿಂಗಳಲ್ಲಿ ಎರಡು ಸುದ್ದಿ ಬಂದವು. ಜೂನ್ 7ರಂದು ಜಮಖಂಡಿ ತಾಲ್ಲೂಕಿನ ಸಾವಳಗಿಯ ಬಸಪ್ಪ ದಾನಪ್ಪ ಜತ್ತಿ ಬೆಂಗಳೂರಿನಲ್ಲಿ ತೀರಿಕೊಂಡರು. ಮಾಜಿ ಮುಖ್ಯಮಂತ್ರಿ, ಮಾಜಿ ಉಪರಾಷ್ಟ್ರಪತಿ, ಕೆಲವು ತಿಂಗಳು ದೇಶದ ಹಂಗಾಮಿ ರಾಷ್ಟ್ರಪತಿ ಆಗಿದ್ದವರು. ಅದೇ ತಿಂಗಳು ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ ಯಾವ ತಾಲ್ಲೂಕು ಎಷ್ಟು ಹಿಂದೆ ಬಿದ್ದಿದೆ ಅನ್ನೋ ವರದಿಯನ್ನು ಸರ್ಕಾರದ ಕೈಗಿಟ್ಟಿತು. ಮೊದಲನೇ ಸುದ್ದಿಗೆ ಈ ಭಾಗದ ಮಂದಿ ಕಣ್ಣೀರು ಹಾಕಿದರು. ಎರಡನೇದನ್ನು ಓದಿದವರು ಕಡಿಮೆ.

ಆದರೆ ಎರಡನ್ನೂ ಜೋಡಿಸಿ ನೋಡಿದರೆ ಒಂದು ಪ್ರಶ್ನೆ ಏಳುತ್ತದೆ. ಕೃಷ್ಣೆ, ಘಟಪ್ರಭೆ ದಂಡೆಯ ಈ ಸೀಮೆಯಿಂದ ಒಬ್ಬ ಮನುಷ್ಯ ಪುರಸಭೆಯಿಂದ ಹಿಡಿದು ರಾಷ್ಟ್ರಪತಿ ಭವನದವರೆಗೆ ಎಲ್ಲ ಮೆಟ್ಟಿಲೂ ಹತ್ತಿದ. ಅಷ್ಟೆಲ್ಲ ಆದ ಮೇಲೂ ಉತ್ತರ ಕರ್ನಾಟಕದ ಹೆಸರು ಹಿಂದುಳಿದವರ ಪಟ್ಟಿಯಲ್ಲೇ ಯಾಕೆ ಉಳಿಯಿತು? ಉತ್ತರ ಹುಡುಕಬೇಕಾದರೆ ಜತ್ತಿ ಅವರ ಬದುಕನ್ನು ಮೊದಲಿನಿಂದ ನೋಡಬೇಕು.

ಕಾಲೇಜು ಬೇಕಂದ್ರೆ ಕೊಲ್ಹಾಪುರ

ಜತ್ತಿ ಹುಟ್ಟಿದ್ದು 1912ರ ಸೆಪ್ಟೆಂಬರ್ 10ರಂದು. ತಂದೆ ದಾನಪ್ಪ ಸಣ್ಣ ಕಿರಾಣಿ ವ್ಯಾಪಾರಿ. ಆಗ ಈ ಭಾಗ ಒಂದೇ ಆಡಳಿತದಲ್ಲಿ ಇರಲಿಲ್ಲ. ಜಮಖಂಡಿ ಪಟವರ್ಧನರ ಸಂಸ್ಥಾನ. ಮುಧೋಳ ಘೋರ್ಪಡೆಯವರದ್ದು. ರಬಕವಿ ಸಾಂಗಲಿಗೆ ಸೇರಿತ್ತು, ಪಕ್ಕದ ಬನಹಟ್ಟಿ ಜಮಖಂಡಿಗೆ. ಬೀಳಗಿ, ಬಾಗಲಕೋಟೆ ಬ್ರಿಟಿಷರ ವಿಜಾಪುರ ಜಿಲ್ಲೆಯೊಳಗೆ. ಇವತ್ತು ಬೈಕಿನಲ್ಲಿ ಸುತ್ತಿ ಬರುವ ಊರುಗಳಿಗೆ ಆಗ ಬೇರೆ ಬೇರೆ ಅರಸರು, ಬೇರೆ ಬೇರೆ ಕಾಯ್ದೆ.

ಹುಡುಗ ಬಸಪ್ಪ ಸಾವಳಗಿಯಲ್ಲಿ ಕಲಿತು, ಮುಂದೆ ಜಮಖಂಡಿಗೆ ಬಂದ. ಹೈಸ್ಕೂಲು ಮುಗಿದ ಮೇಲೆ ದಾರಿ ದಕ್ಷಿಣಕ್ಕಲ್ಲ, ಪಶ್ಚಿಮಕ್ಕೆ ಹೊರಟಿತು. ಪದವಿಗೆ ಕೊಲ್ಹಾಪುರದ ರಾಜಾರಾಮ ಕಾಲೇಜು, ವಕೀಲಿಕೆಗೆ ಅಲ್ಲಿಯದ್ದೇ ಸೈಕ್ಸ್ ಲಾ ಕಾಲೇಜು. ಆ ಕಾಲಕ್ಕೆ ಈ ಭಾಗದ ಓದುವ ಹುಡುಗರಿಗೆ ಕೊಲ್ಹಾಪುರ, ಸಾಂಗಲಿ, ಪುಣೆ ಹತ್ತಿರ. ಬೆಂಗಳೂರು ಬೇರೆ ದೇಶ ಇದ್ದಂಗೆ.

ಅದೇ ಹೊತ್ತಿಗೆ ಮೈಸೂರು ಸಂಸ್ಥಾನದಲ್ಲಿ ಏನಿತ್ತು ನೋಡಿ. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಹರಿದಿತ್ತು, 1905ರಲ್ಲಿ ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಿತ್ತು. 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ. ಕಾವೇರಿಗೆ ಕನ್ನಂಬಾಡಿ ಕಟ್ಟೆ. ಇತ್ತ ಮುಂಬೈ ಪ್ರಾಂತದ ಕನ್ನಡ ಜಿಲ್ಲೆಗಳಿಗೆ ಸ್ವಂತ ವಿಶ್ವವಿದ್ಯಾಲಯ ಸಿಕ್ಕಿದ್ದು 1949ರಲ್ಲಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರೂಪದಲ್ಲಿ. ಎರಡರ ನಡುವೆ 33 ವರ್ಷ. ಒಂದು ತಲೆಮಾರಿನ ಓದು ಅಷ್ಟರಲ್ಲಿ ಮುಗಿದಿರುತ್ತದೆ. ಇವತ್ತಿನ ಅಂತರದ ಬೇರು ಅಲ್ಲಿದೆ. ಎರಡೂ ಕಡೆಯ ಮಣ್ಣಿಗಿಂತ, ಮಳೆಗಿಂತ ಹೆಚ್ಚಾಗಿ, ಯಾವ ಸರ್ಕಾರ ಯಾವಾಗ ಎಲ್ಲಿ ರೊಕ್ಕ ಹಾಕಿತು ಅನ್ನೋದರಲ್ಲಿ ಇದೆ.

ಪುರಸಭೆಯಿಂದ ಸಂಸ್ಥಾನದ ಮುಖ್ಯಮಂತ್ರಿ

ವಕೀಲರಾಗಿ ಜಮಖಂಡಿಗೆ ಮರಳಿದ ಜತ್ತಿ 1940ರಲ್ಲಿ ಪುರಸಭೆ ಸದಸ್ಯರಾದರು. 1945ರಲ್ಲಿ ಅಧ್ಯಕ್ಷರಾದರು. ನಂತರ ಸಂಸ್ಥಾನದ ಶಾಸನಸಭೆ, ಮಂತ್ರಿ ಪದವಿ, ಕೊನೆಗೆ 1948ರಲ್ಲಿ ಜಮಖಂಡಿ ಸಂಸ್ಥಾನದ ಮುಖ್ಯಮಂತ್ರಿ. ಆ ಹುದ್ದೆಯಲ್ಲಿ ಅವರು ಮಾಡಿದ ದೊಡ್ಡ ಕೆಲಸ ಅಂದ್ರೆ ಆ ಹುದ್ದೆಯನ್ನೇ ಇಲ್ಲವಾಗಿಸಿದ್ದು. ಅರಸ ಶಂಕರರಾವ್ ಪಟವರ್ಧನರ ಜೊತೆ ಸೇರಿ ಸಂಸ್ಥಾನವನ್ನು ವಿಲೀನಗೊಳಿಸಿದರು. 1948ರ ಮಾರ್ಚ್ 8ರಂದು ಜಮಖಂಡಿ ಮುಂಬೈ ಪ್ರಾಂತಕ್ಕೆ ಸೇರಿತು. ಮುಧೋಳವೂ ಅದೇ ದಿನ ಸೇರಿತು.

ಕುರ್ಚಿ ಹೋದ ಮೇಲೆ ಜತ್ತಿ ಮತ್ತೆ ಕರೀ ಕೋಟು ಹಾಕಿಕೊಂಡು ಕೋರ್ಟಿಗೆ ಹೋದರು. ಸುಮಾರು 20 ತಿಂಗಳು ವಕೀಲಿಕೆ ಮಾಡಿದರು. ವಿಲೀನವಾದ ಪ್ರದೇಶದ ಪ್ರತಿನಿಧಿಯಾಗಿ ಮುಂಬೈ ವಿಧಾನಸಭೆಗೆ ನಾಮಕರಣಗೊಂಡ ಮೇಲೆ ಮುಖ್ಯಮಂತ್ರಿ ಬಿ.ಜಿ. ಖೇರ್ ಅವರಿಗೆ ಸಂಸದೀಯ ಕಾರ್ಯದರ್ಶಿ ಆದರು. 1952ರ ಚುನಾವಣೆ ನಂತರ ಮೊರಾರ್ಜಿ ದೇಸಾಯಿ ಸರ್ಕಾರದಲ್ಲಿ ಆರೋಗ್ಯ ಮತ್ತು ಕಾರ್ಮಿಕ ಖಾತೆಯ ಉಪಮಂತ್ರಿ.

ಮುಂಬೈ ರಾಜ್ಯದಲ್ಲಿ ಕನ್ನಡ ಜಿಲ್ಲೆಗಳೆಂದರೆ ತುದಿಯ ಜಿಲ್ಲೆಗಳು. ಗಿರಣಿ, ಬಂದರು, ಬ್ಯಾಂಕು ಎಲ್ಲ ಮುಂಬೈಯಲ್ಲಿ. ವಿಜಾಪುರ ಜಿಲ್ಲೆಯ ಹೆಸರು ಸುದ್ದಿಗೆ ಬರೋದು ಬರಗಾಲ ಬಿದ್ದಾಗ ಮಾತ್ರ. ನೀರಾವರಿ ಅಂತ ಇದ್ದದ್ದು ಕಡಿಮೆ. ಘಟಪ್ರಭೆಗೆ ಧೂಪದಾಳದ ಹತ್ತಿರ ಬ್ರಿಟಿಷರು 1897ರಲ್ಲೇ ಒಡ್ಡು ಕಟ್ಟಿ ಮುಗಿಸಿದ್ದರೂ ಕಾಲುವೆ ನೀರು ಕೆಳಗಿನ ತಾಲ್ಲೂಕುಗಳ ಹೊಲ ಮುಟ್ಟಲು ದಶಕಗಳೇ ಹಿಡಿದವು.

ಒಂದಾಗಲು ಒಲ್ಲೆ ಎಂದವರು

1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಈಗ ಅದು ಹಬ್ಬ. ಆದರೆ ಆಗ ಎಲ್ಲರೂ ಖುಷಿಯಿಂದ ಒಪ್ಪಿದ್ದರು ಅಂತ ತಿಳಿದರೆ ತಪ್ಪಾಗುತ್ತದೆ. ಹಳೇ ಮೈಸೂರಿನಲ್ಲಿ ಏಕೀಕರಣಕ್ಕೆ ಗಟ್ಟಿ ವಿರೋಧ ಇತ್ತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಜಾತಿ ಲೆಕ್ಕಾಚಾರವೂ ಇತ್ತು. ಬಹಿರಂಗವಾಗಿ ಹೇಳುತ್ತಿದ್ದ ಕಾರಣ ಮಾತ್ರ ರೊಕ್ಕದ್ದು. ಮುಂಬೈ, ಹೈದರಾಬಾದ್ ಕಡೆಯ ಜಿಲ್ಲೆಗಳಲ್ಲಿ ರಸ್ತೆ ಇಲ್ಲ, ಕರೆಂಟಿಲ್ಲ, ಆಸ್ಪತ್ರೆ ಇಲ್ಲ, ಅವರನ್ನು ಸೇರಿಸಿಕೊಂಡರೆ ಮೈಸೂರಿನ ಗಳಿಕೆ ಅಲ್ಲಿಗೆ ಸುರಿಯಬೇಕಾಗುತ್ತದೆ ಎಂಬ ಅಂಜಿಕೆ. ಮೈಸೂರು ಸರ್ಕಾರ 1954ರಲ್ಲಿ ಡಾ. ಎಂ. ಶೇಷಾದ್ರಿ ಅಧ್ಯಕ್ಷತೆಯಲ್ಲಿ ಸತ್ಯಶೋಧನಾ ಸಮಿತಿ ಮಾಡಿ ಬೇರೆ ಬೇರೆ ಕನ್ನಡ ಪ್ರದೇಶಗಳ ಸ್ಥಿತಿಯನ್ನು ತುಲನೆ ಮಾಡಿಸಿತ್ತು.

ಅಂದ್ರೆ ಪ್ರಾದೇಶಿಕ ಅಸಮಾನತೆ ಅನ್ನೋ ಮಾತು ನಂಜುಂಡಪ್ಪ ವರದಿಯಿಂದ ಹುಟ್ಟಿದ್ದಲ್ಲ. ರಾಜ್ಯ ಹುಟ್ಟುವ ಮೊದಲೇ ಅದು ಕಾಗದದ ಮೇಲೆ ಇತ್ತು. ಎಲ್ಲರಿಗೂ ಗೊತ್ತಿದ್ದೇ ಸಂಸಾರ ಶುರುವಾಯಿತು.

ಉತ್ತರದಿಂದ ಬಂದ ಮೊದಲ ಮುಖ್ಯಮಂತ್ರಿ

ಹೊಸ ಮೈಸೂರು ರಾಜ್ಯದಲ್ಲಿ ಜತ್ತಿ ಅವರಿಗೆ ಸಿಕ್ಕ ಮೊದಲ ದೊಡ್ಡ ಹೊಣೆ ಭೂಸುಧಾರಣೆ. ಒಂದೇ ರಾಜ್ಯದಲ್ಲಿ ಮುಂಬೈ, ಹೈದರಾಬಾದ್, ಮದ್ರಾಸ್, ಹಳೇ ಮೈಸೂರು, ಕೊಡಗು ಅಂತ ಐದು ಕಡೆಯ ಗೇಣಿ ಕಾಯ್ದೆಗಳು ನಡೆಯುತ್ತಿದ್ದವು. ಅವನ್ನೆಲ್ಲ ಒಂದು ಮಾಡಲು 1957ರಲ್ಲಿ ನೇಮಿಸಿದ ಸಮಿತಿಗೆ ಜತ್ತಿ ಅಧ್ಯಕ್ಷರು. ಇವತ್ತಿಗೂ ಕಂದಾಯ ಇತಿಹಾಸ ಓದುವವರು ಅದನ್ನು ಜತ್ತಿ ಸಮಿತಿ ಎಂದೇ ಕರೆಯುತ್ತಾರೆ.

1958ರಲ್ಲಿ ಎಸ್. ನಿಜಲಿಂಗಪ್ಪ ಕೆಳಗಿಳಿದಾಗ ಕಾಂಗ್ರೆಸ್ ಶಾಸಕಾಂಗ ಪಕ್ಷದಲ್ಲಿ ಪೈಪೋಟಿ ನಡೆಯಿತು. ಹಿರಿಯ ಸ್ವಾತಂತ್ರ್ಯ ಹೋರಾಟಗಾರರನ್ನು ಹಿಂದಿಕ್ಕಿ ಜತ್ತಿ ಗೆದ್ದರು. ಮೇ 16ರಂದು ಮುಖ್ಯಮಂತ್ರಿ ಆದರು. ಮುಂಬೈ ಕರ್ನಾಟಕದಿಂದ ಆ ಕುರ್ಚಿ ಹತ್ತಿದ ಮೊದಲಿಗರು ಅವರೇ. ಎರಡು ವರ್ಷದ ಹಿಂದೆ ಮೈಸೂರಿಗೆ ಹೊರೆ ಅನಿಸಿಕೊಂಡಿದ್ದ ಸೀಮೆಯ ಕಿರಾಣಿ ಅಂಗಡಿಯವನ ಮಗ ವಿಧಾನಸೌಧದ ಮೂರನೇ ಮಹಡಿಯಲ್ಲಿ ಕೂತ.

ಸುಮಾರು ನಾಲ್ಕು ವರ್ಷ ಆಳಿದರು. ಆ ಅವಧಿಯಲ್ಲಿ ಬಂದ ಮೂರು ಕಾಯ್ದೆ ನೆನಪಿಡಬೇಕು. ಒಂದು, 1959ರ ಗ್ರಾಮ ಪಂಚಾಯತಿ ಮತ್ತು ಸ್ಥಳೀಯ ಮಂಡಳಿ ಕಾಯ್ದೆ. ಹಳ್ಳಿಗೆ ಪಂಚಾಯತಿ, ತಾಲ್ಲೂಕಿಗೆ ಅಭಿವೃದ್ಧಿ ಮಂಡಳಿ, ಜಿಲ್ಲೆಗೆ ಅಭಿವೃದ್ಧಿ ಪರಿಷತ್ತು ಎಂಬ ಮೂರು ಹಂತ ಇಡೀ ರಾಜ್ಯಕ್ಕೆ ಒಂದೇ ರೀತಿ ಬಂತು. ಎರಡು, 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆ. ಮೂರು, ಅದೇ ವರ್ಷದ ಭೂಸುಧಾರಣಾ ಕಾಯ್ದೆ.

ಈ ಮೂರೂ ಕಾಯ್ದೆಗಳಿಗೆ ಒಂದು ಸಮಾನ ಗುಣ ಇದೆ. ಜಮಖಂಡಿಗೆ ಇಷ್ಟು, ಮಂಡ್ಯಕ್ಕೆ ಅಷ್ಟು ಅನ್ನೋ ಭೇದ ಇಲ್ಲ. ಎಲ್ಲರಿಗೂ ಒಂದೇ ನಿಯಮ. ಚೂರು ಚೂರಾದ ಸಂಸ್ಥಾನಗಳ ನಡುವೆ ಬೆಳೆದ ಜತ್ತಿ ಅವರಿಗೆ ಒಂದೇ ಕಾಯ್ದೆ ಅನ್ನೋದೇ ದೊಡ್ಡ ಕೆಲಸವಾಗಿತ್ತು. ಅದು ಸಣ್ಣ ಸಾಧನೆಯೂ ಅಲ್ಲ.

ಒಂದೇ ನಿಯಮ, ಬೇರೆ ಬೇರೆ ನೆಲ

ತೊಡಕು ಇರೋದು ಇಲ್ಲೇ. ಓಟ ಶುರುವಾದಾಗ ಒಬ್ಬ ಅರ್ಧ ದಾರಿ ಮುಂದಿದ್ದರೆ, ಇಬ್ಬರಿಗೂ ಒಂದೇ ನಿಯಮ ಹಾಕಿದರೂ ಹಿಂದಿದ್ದವನು ಹಿಂದೆಯೇ ಉಳಿಯುತ್ತಾನೆ. ಶಾಲೆ ಕಡ್ಡಾಯ ಅಂದ ಮಾತ್ರಕ್ಕೆ ಶಿಕ್ಷಕರೂ ಕೋಣೆಗಳೂ ತಾನಾಗಿ ಬರಲ್ಲ. ಮೊದಲೇ ಶಾಲೆ, ತರಬೇತಾದ ಶಿಕ್ಷಕರು ಇದ್ದ ಜಿಲ್ಲೆಗೆ ಕಾಯ್ದೆ ಬೇಗ ದಕ್ಕುತ್ತದೆ. ವಿದ್ಯುತ್ ಲೈನು ಇರುವ ಊರಿಗೆ ಕಾರ್ಖಾನೆ ಬರುತ್ತದೆ, ಕಾರ್ಖಾನೆ ಇರುವ ಊರಿಗೆ ಬ್ಯಾಂಕು, ಕಾಲೇಜು ಬರುತ್ತವೆ. ಹೀಗೆ ಮುಂದಿದ್ದವರು ಮತ್ತಷ್ಟು ಮುಂದೆ ಹೋದರು.

ಭೂಸುಧಾರಣೆಯ ಕಥೆಯೂ ಹೀಗೇ. 1961ರ ಕಾಯ್ದೆ ಜಾರಿಗೆ ಬಂದಿದ್ದೇ 1965ರ ಅಕ್ಟೋಬರ್ 2ರಂದು. ಮಿತಿ 27 ಸ್ಟ್ಯಾಂಡರ್ಡ್ ಎಕರೆ. ಮಾಲೀಕ ಸ್ವಂತ ಸಾಗುವಳಿ ನೆಪದಲ್ಲಿ ಹೊಲ ವಾಪಸ್ ಪಡೆಯಲು ಅವಕಾಶ ಇತ್ತು. ನಡುವಿನ ವರ್ಷಗಳಲ್ಲಿ ಜಾಣ ಜಮೀನ್ದಾರರು ಹೊಲ ಹಂಚಿಕೊಂಡು ಕಾಗದ ಸರಿಮಾಡಿಕೊಂಡರು. ಗೇಣಿದಾರನಿಗೆ ಹೊಲ ನಿಜವಾಗಿ ಸಿಗಲು 1974ರ ದೇವರಾಜ ಅರಸು ತಿದ್ದುಪಡಿ ಬರಬೇಕಾಯಿತು. ಇನ್ನು ರಬಕವಿ-ಬನಹಟ್ಟಿಯ ನೇಕಾರನಿಗೆ ಇದರಲ್ಲಿ ಏನೂ ಇರಲಿಲ್ಲ. ಅವನ ಬದುಕು ಇರೋದು ಹೊಲದ ಮೇಲಲ್ಲ, ಮಗ್ಗದ ಮೇಲೆ.

ಕೈ ತಪ್ಪಿದ ಕುರ್ಚಿ

1962ರ ಚುನಾವಣೆಯಲ್ಲಿ ಜತ್ತಿ ಜಮಖಂಡಿಯಿಂದ ಮತ್ತೆ ಗೆದ್ದರು. ನಿಜಲಿಂಗಪ್ಪ ಸೋತರು. ಆದರೂ ಮುಖ್ಯಮಂತ್ರಿ ಸ್ಥಾನ ಜತ್ತಿ ಅವರಿಗೆ ಬರಲಿಲ್ಲ. ಪಕ್ಷದ ಒಳಗಿನ ಗುಂಪುಗಾರಿಕೆಯಲ್ಲಿ ಹುನಗುಂದದ ಎಸ್.ಆರ್. ಕಂಠಿ ಮುಖ್ಯಮಂತ್ರಿ ಆದರು. ಕೆಲವೇ ತಿಂಗಳಲ್ಲಿ ಅವರು ನಿಜಲಿಂಗಪ್ಪನವರಿಗೆ ಜಾಗ ಬಿಟ್ಟುಕೊಟ್ಟರು. ಈಗಿನ ಬಾಗಲಕೋಟೆ ಜಿಲ್ಲೆಯ ಇಬ್ಬರು ಒಬ್ಬರ ಹಿಂದೆ ಒಬ್ಬರು ಮುಖ್ಯಮಂತ್ರಿ ಆದ ಕಾಲ ಅದು. ಬೇರೆ ಯಾವ ಜಿಲ್ಲೆಯಾದರೂ ಹೊಟ್ಟೆಕಿಚ್ಚು ಪಡಬೇಕು.

ಜತ್ತಿ ಮುನಿಸಿಕೊಂಡು ಕೂಡಲಿಲ್ಲ. ಅದೇ ವರ್ಷ ಜುಲೈನಲ್ಲಿ ನಿಜಲಿಂಗಪ್ಪ ಸಂಪುಟದಲ್ಲಿ ಹಣಕಾಸು ಮಂತ್ರಿ ಆದರು. ಆ ಸರ್ಕಾರದ ಕಾಲದಲ್ಲೇ, 1964ರ ಮೇ ತಿಂಗಳಲ್ಲಿ, ಲಾಲ್ ಬಹದ್ದೂರ್ ಶಾಸ್ತ್ರಿ ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಹಾಕಿದರು. ಜತ್ತಿ ಬೆಂಗಳೂರಿನಲ್ಲಿ ಬಸವ ಸಮಿತಿ ಕಟ್ಟಿದ್ದೂ ಅದೇ ವರ್ಷ.

ಆಲಮಟ್ಟಿ ಅಣೆಕಟ್ಟೆ ಲೋಕಾರ್ಪಣೆ ಆಗಿದ್ದು 2006ರಲ್ಲಿ, ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರಿಂದ. ಅಡಿಗಲ್ಲಿನಿಂದ ಅಲ್ಲಿಗೆ 42 ವರ್ಷ. ಅಷ್ಟರಲ್ಲಿ ಜತ್ತಿ ತೀರಿಕೊಂಡು ನಾಲ್ಕು ವರ್ಷ ಆಗಿತ್ತು. ರಾಜ್ಯಗಳ ಜಗಳ, ನ್ಯಾಯಮಂಡಳಿ, ರೊಕ್ಕದ ಕೊರತೆ ಎಲ್ಲ ಸೇರಿ ಇಷ್ಟು ತಡ. ಮುಳುಗಡೆ ಮಾತ್ರ ತಡ ಮಾಡಲಿಲ್ಲ. ಬಾಗಲಕೋಟೆ ಪಟ್ಟಣದ ದೊಡ್ಡ ಭಾಗ, ಬೀಳಗಿ, ಜಮಖಂಡಿ ಕಡೆಯ ದಂಡೆ ಹಳ್ಳಿಗಳು ಹಿನ್ನೀರಿಗೆ ಹೋದವು. ಕಾಲುವೆ ನೀರಿನ ದೊಡ್ಡ ಪಾಲು ವಿಜಯಪುರ, ಕಲಬುರಗಿ, ಯಾದಗಿರಿ, ರಾಯಚೂರು ಕಡೆಗೆ. ಹೊಲ ಕಳಕೊಂಡವರು ಒಂದು ಕಡೆ, ನೀರು ಕಂಡವರು ಇನ್ನೊಂದು ಕಡೆ. ಹಿಂದುಳಿದ ಭಾಗದ ಒಳಗೇ ಇನ್ನೊಂದು ಅಸಮಾನತೆ.

ದಿಲ್ಲಿಯ ದಿನಗಳು

1968ರಲ್ಲಿ ಜತ್ತಿ ಪುದುಚೇರಿಯ ಲೆಫ್ಟಿನೆಂಟ್ ಗವರ್ನರ್, 1972ರಲ್ಲಿ ಒಡಿಶಾ ರಾಜ್ಯಪಾಲ, 1974ರ ಆಗಸ್ಟ್‌ನಲ್ಲಿ ಉಪರಾಷ್ಟ್ರಪತಿ. 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ನಿಧನರಾದಾಗ ಹಂಗಾಮಿ ರಾಷ್ಟ್ರಪತಿ ಆದರು. ಜುಲೈ 25ರವರೆಗೆ ಆ ಹೊಣೆ ಹೊತ್ತರು.

ಅದು ತುರ್ತುಪರಿಸ್ಥಿತಿ ಮುಗಿಯುತ್ತಿದ್ದ ಹೊತ್ತು. ಇಂದಿರಾ ಗಾಂಧಿ ಸೋತರು. ಮಾರ್ಚ್ 24ರಂದು ಮೊರಾರ್ಜಿ ದೇಸಾಯಿ ಅವರಿಗೆ ಪ್ರಧಾನಿಯಾಗಿ ಪ್ರಮಾಣವಚನ ಬೋಧಿಸಿದವರು ಜತ್ತಿ. ಮುಂಬೈಯಲ್ಲಿ ಒಂದು ಕಾಲಕ್ಕೆ ಮೊರಾರ್ಜಿ ಕೈಕೆಳಗೆ ಉಪಮಂತ್ರಿ ಆಗಿದ್ದವರು! ಮುಂದಿನ ತಿಂಗಳು ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸುವ ಸಲಹೆ ಹೊಸ ಸರ್ಕಾರದಿಂದ ಬಂದಾಗ ಜತ್ತಿ ಕೂಡಲೇ ಸಹಿ ಹಾಕಲಿಲ್ಲ. ದೇಶದ ಪತ್ರಿಕೆಗಳೆಲ್ಲ ಅವರ ಕಡೆ ನೋಡಿದವು. ಟೀಕೆಯೂ ಬಂತು. ಕೊನೆಗೆ ಏಪ್ರಿಲ್ 30ರಂದು ಸಹಿ ಹಾಕಿದರು.

ಸಾವಳಗಿಯ ಮಟ್ಟಿಗೆ ಇದು ಹೆಮ್ಮೆ. ಆದರೆ ರಾಷ್ಟ್ರಪತಿ ಭವನದಲ್ಲಿ ಕೂತವರು ಊರಿಗೆ ಕಾಲುವೆ ತೋಡಿಸಲು ಆಗಲ್ಲ. ಆ ಹುದ್ದೆಯ ಸ್ವಭಾವವೇ ಹಾಗೆ. ಎತ್ತರಕ್ಕೆ ಹೋದಷ್ಟೂ ಅಧಿಕಾರ ಊರಿನಿಂದ ದೂರ ಆಗುತ್ತದೆ.

ರೈತರೇ ಕಟ್ಟಿದ ಒಡ್ಡು

ಜತ್ತಿ ನಿವೃತ್ತರಾಗಿ ಹತ್ತು ವರ್ಷದ ಹೊತ್ತಿಗೆ, 1989ರಲ್ಲಿ, ಅವರದೇ ಜಮಖಂಡಿ ತಾಲ್ಲೂಕಿನಲ್ಲಿ ಬೇರೆಯೇ ಒಂದು ಕೆಲಸ ನಡೆಯಿತು. ಚಿಕ್ಕಪಡಸಲಗಿಯ ಹತ್ತಿರ ಸಿದ್ದು ನ್ಯಾಮಗೌಡ ಮುಂದಾಳತ್ವದಲ್ಲಿ ಕೃಷ್ಣಾ ತೀರದ ರೈತರು ತಾವೇ ರೊಕ್ಕ ಹಾಕಿ, ತಾವೇ ಬೆವರು ಸುರಿಸಿ ನದಿಗೆ ಬ್ಯಾರೇಜ್ ಕಟ್ಟಿದರು. ಶ್ರಮಬಿಂದು ಸಾಗರ ಅಂತ ಹೆಸರು. ಸರ್ಕಾರಕ್ಕೆ ಕಾದು ಕಾದು ಬೇಸತ್ತವರ ಕೆಲಸ ಅದು. ಎರಡು ವರ್ಷದ ನಂತರ ಅದೇ ನ್ಯಾಮಗೌಡ ಲೋಕಸಭೆ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆ ಅವರನ್ನೇ ಸೋಲಿಸಿದರು.

ಮುಖ್ಯಮಂತ್ರಿ, ಹಣಕಾಸು ಮಂತ್ರಿ, ಉಪರಾಷ್ಟ್ರಪತಿಯನ್ನು ಕೊಟ್ಟ ತಾಲ್ಲೂಕಿನ ರೈತ ಒಡ್ಡಿಗಾಗಿ ಪಟ್ಟಿ ಎತ್ತಬೇಕಾಯಿತು. ಇದನ್ನು ಜತ್ತಿ ಅವರ ತಪ್ಪು ಅನ್ನೋದು ಅನ್ಯಾಯ. ಊರಿನವರೊಬ್ಬರು ಮೇಲೆ ಕೂತರೆ ಊರು ತಾನಾಗಿ ಉದ್ಧಾರ ಆಗುತ್ತದೆ ಅನ್ನೋ ನಂಬಿಕೆ ಇದೆಯಲ್ಲ, ತಪ್ಪಿರೋದು ಅದರಲ್ಲಿ.

ಪಟ್ಟಿಯಲ್ಲಿ ಏನಿತ್ತು

ನಂಜುಂಡಪ್ಪ ಸಮಿತಿ ಮಾಡಿದ್ದು ಇದಕ್ಕೆ ವಿರುದ್ಧವಾದ ಕೆಲಸ. ಅದು ಯಾರು ಯಾವ ಊರಿನವರು ಅಂತ ನೋಡಲಿಲ್ಲ, ಅಳತೆ ಹಿಡಿದು ಕೂತಿತು. ಕೃಷಿ, ಉದ್ಯಮ, ರಸ್ತೆ, ಬ್ಯಾಂಕು, ಶಾಲೆ, ಆಸ್ಪತ್ರೆ ಹೀಗೆ 35 ಸೂಚಕ ಇಟ್ಟು, ರಾಜ್ಯದ ಸರಾಸರಿಯನ್ನು 1 ಅಂತ ಹಿಡಿದು, ಆಗಿನ 175 ತಾಲ್ಲೂಕುಗಳನ್ನೂ ತೂಗಿತು. 114 ತಾಲ್ಲೂಕು ಸರಾಸರಿಗಿಂತ ಕೆಳಗೆ. ಅದರಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 26 ಉತ್ತರ ಕರ್ನಾಟಕದವು, 13 ದಕ್ಷಿಣದವು. ಅಂದ್ರೆ ದಕ್ಷಿಣದಲ್ಲೂ ಬಡ ತಾಲ್ಲೂಕು ಇವೆ, ಉತ್ತರದಲ್ಲೂ ಚೇತರಿಸಿಕೊಂಡವು ಇವೆ ಎಂದು ವರದಿ ಮೊದಲ ಬಾರಿ ಲೆಕ್ಕ ಸಮೇತ ತೋರಿಸಿತು.

ಎಂಟು ವರ್ಷದಲ್ಲಿ 31,000 ಕೋಟಿ ರೂಪಾಯಿ ಖರ್ಚು ಮಾಡಿ ಎಂದಿತು ಸಮಿತಿ. ವಿಶೇಷ ಅಭಿವೃದ್ಧಿ ಯೋಜನೆ ಶುರುವಾಗಿದ್ದು 2007-08ರಲ್ಲಿ, ಐದು ವರ್ಷ ತಡವಾಗಿ. ಮುಂದೆ ಸಂವಿಧಾನದ 371(ಜೆ) ವಿಧಿ ಬಂದಾಗ ಅದರ ಲಾಭ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೆ ಸಿಕ್ಕಿತು. ಬಾಗಲಕೋಟೆ ಆ ಗೆರೆಯಿಂದ ಹೊರಗೆ ಉಳಿಯಿತು.

ಇವತ್ತು ಮುಧೋಳ, ಜಮಖಂಡಿ ಕಡೆ ಬಂದರೆ ಕಬ್ಬು, ಸಕ್ಕರೆ ಕಾರ್ಖಾನೆ, ಸಿಮೆಂಟ್ ಕಾಣುತ್ತದೆ. ಹಸಿರಿದೆ, ಸುಳ್ಳಲ್ಲ. ಆದರೆ ಕಬ್ಬಿನ ಬಿಲ್ಲಿಗೆ ರೈತ ಕಾಯೋದು ತಪ್ಪಿಲ್ಲ. ಬಾಗಲಕೋಟೆ–ಕುಡಚಿ ನಡುವಿನ 142 ಕಿ.ಮೀ. ರೈಲು ಮಾರ್ಗಕ್ಕೆ 2010ರಲ್ಲಿ ಮಂಜೂರಾತಿ ಸಿಕ್ಕರೂ ಪೂರ್ತಿ ಮಾರ್ಗದ ಮೇಲೆ ಇನ್ನೂ ರೈಲು ಓಡಿಲ್ಲ. ಅತ್ತ ಬೆಂಗಳೂರು ನಗರ ಜಿಲ್ಲೆ ಒಂದೇ ರಾಜ್ಯದ ಒಟ್ಟು ಉತ್ಪನ್ನದ ಮೂರನೇ ಒಂದು ಪಾಲಿಗಿಂತ ಹೆಚ್ಚು ಗಳಿಸುತ್ತದೆ. ಓದಿದ ಹುಡುಗರು ಈಗ ಕೊಲ್ಹಾಪುರಕ್ಕೆ ಹೋಗಲ್ಲ, ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗುತ್ತಾರೆ. ದಿಕ್ಕು ಬದಲಾಯಿತು, ಊರು ಬಿಡೋದು ನಿಲ್ಲಲಿಲ್ಲ.

2024ರಲ್ಲಿ ರಾಜ್ಯ ಸರ್ಕಾರ ಅರ್ಥಶಾಸ್ತ್ರಜ್ಞ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಮತ್ತೆ ಪ್ರಾದೇಶಿಕ ಅಸಮತೋಲನ ಸಮಿತಿ ನೇಮಿಸಿತು. ಶೇಷಾದ್ರಿ ಸಮಿತಿಯ ತುಲನೆ ನಡೆದು ಆಗಲೇ 70 ವರ್ಷ ಕಳೆದಿತ್ತು.

ಪ್ರತಿ ಸೆಪ್ಟೆಂಬರ್ 10 ಜತ್ತಿ ಅವರ ಹುಟ್ಟಿದ ದಿನ. ಫೋಟೋಕ್ಕೆ ಹಾರ ಹಾಕಲಿ, ಅದು ಸಲ್ಲಬೇಕಾದ ಗೌರವ. ಅವತ್ತೇ ಸಾವಳಗಿಯಲ್ಲಾಗಲಿ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯಲ್ಲಾಗಲಿ ಒಂದು ತಾಸು ಕೂತು ತಾಲ್ಲೂಕಿಗೆ ಎಷ್ಟು ಅನುದಾನ ಬಂತು, ಎಷ್ಟು ಖರ್ಚಾಯಿತು, ಎಷ್ಟು ಶಿಕ್ಷಕರ ಹುದ್ದೆ ಖಾಲಿ ಇವೆ ಅಂತ ಜನರ ಮುಂದೆ ಓದಲಿ. ಪುರಸಭೆ ಸದಸ್ಯನಾಗಿ ಕೆಲಸ ಶುರು ಮಾಡಿದ, ತಾಲ್ಲೂಕಿಗೊಂದು ಅಭಿವೃದ್ಧಿ ಮಂಡಳಿ ಕೊಟ್ಟ ಮನುಷ್ಯನಿಗೆ ಅದೂ ಒಂದು ಗೌರವವೇ.